ಒಂದೇ ಅಭಿರುಚಿಯ ಕೇಳುಗರನ್ನು ಗುಂಪು ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಕನ್ನಡ ಸಂಘದ 30 ಮಂದಿ ನಾವೇ ಮಾಡಿಕೊಂಡ ಸಂಗೀತ ಕಛೇರಿ ರೆಕಾರ್ಡಿಂಗ್‌ಗಳನ್ನು ನಡುವೆ ಸರ್ವರ್ ಇಲ್ಲದೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಂಚಿಕೊಳ್ಳುತ್ತೇವೆ. ಒಂದೇ ಅಭಿರುಚಿಯವರನ್ನು ಒಟ್ಟುಗೂಡಿಸಬಹುದೇ?
– ಓದುಗರೊಬ್ಬರು, ಕೊಥರೂಡ, ಪುಣೆ

ಉತ್ತರ: ಧಾರಾಳವಾಗಿ. ಮೊದಲು ಹೆಸರುಗಳನ್ನು ಸರಿಪಡಿಸಿ; ಮುಕ್ಕಾಲುಪಾಲು ತೊಂದರೆ ಇರುವುದೇ ಅಲ್ಲಿ. ಒಬ್ಬರಲ್ಲಿ ‘ಭೀಮಸೇನ ಜೋಶಿ’, ಇನ್ನೊಬ್ಬರಲ್ಲಿ ‘ಪಂ. ಭೀಮಸೇನ್ ಜೋಷಿ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಗಾಯಕರು. ಮ್ಯೂಸಿಕ್‌ಬ್ರೇನ್ಜ್ (MusicBrainz) ಎಂಬ ಸಂಗೀತ ಮಾಹಿತಿಯ ಜಾಲತಾಣ ಕೊಡುವ ಕಲಾವಿದರ ಗುರುತು ಸಂಕೇತವನ್ನು ಫೈಲಿನ ಟ್ಯಾಗ್‌ನಲ್ಲಿ, ಅಂದರೆ ಫೈಲಿನೊಳಗೆ ವಿವರ ಬರೆದಿಡುವ ಜಾಗದಲ್ಲಿ, ಹಾಕಿದರೆ ಈ ಗೋಳು ತಪ್ಪುತ್ತದೆ.

ಆಮೇಲೆ ಲೆಕ್ಕ. ನಿಮ್ಮ ಸಂಗ್ರಹದಲ್ಲಿ 40 ಕಲಾವಿದರು, ಇನ್ನೊಬ್ಬ ಸದಸ್ಯರ ಸಂಗ್ರಹದಲ್ಲಿ 30, ಇಬ್ಬರಲ್ಲೂ ಇರುವವರು 20 ಎಂದರೆ ಬೇರೆ ಬೇರೆ ಕಲಾವಿದರು ಒಟ್ಟು 50; ಹೋಲಿಕೆ 20/50, ಅಂದರೆ 0.4. ಆದರೆ ಎಲ್ಲರಲ್ಲೂ ಇರುವ ಕಲಾವಿದರಿಂದ ಯಾರ ಅಭಿರುಚಿಯೂ ತಿಳಿಯುವುದಿಲ್ಲ, ಅವರನ್ನು ಲೆಕ್ಕದಿಂದ ಬಿಡಿ. ಹತ್ತಕ್ಕಿಂತ ಕಡಿಮೆ ಕಲಾವಿದರಿರುವ ಹೊಸ ಸದಸ್ಯರನ್ನೂ ಸದ್ಯಕ್ಕೆ ಹೋಲಿಸಬೇಡಿ, ಅಂಕಿ ಸುಮ್ಮನೆ ಏರುಪೇರಾಗುತ್ತದೆ.

30 ಮಂದಿಗೆ ಜೋಡಿಗಳು 435 ಮಾತ್ರ. ಎಲ್ಲರನ್ನೂ ನೇರವಾಗಿ ಹೋಲಿಸಿ, ಹೋಲಿಕೆ ಹೆಚ್ಚಿರುವವರನ್ನು ಒಂದು ಗುಂಪಿಗೆ ಸೇರಿಸಿಬಿಡಿ. ಸದಸ್ಯರು ಸಾವಿರಗಟ್ಟಲೆ ಆದಾಗ ಮಾತ್ರ ಪ್ರತಿ ಕಂಪ್ಯೂಟರೂ ಅಭಿರುಚಿಯಲ್ಲಿ ಹತ್ತಿರದ ಐದಾರು ನೆರೆಯವರ ಪಟ್ಟಿ ಇಟ್ಟುಕೊಂಡು, ಆಗಾಗ ಅವರ ಪಟ್ಟಿಯನ್ನೂ ತರಿಸಿ ನೋಡಬೇಕು. ಆ ಪಟ್ಟಿಯಲ್ಲಿ ಜೊತೆಗೆ ಯಾರಾದರೂ ಇಬ್ಬರು ಅಪರಿಚಿತರು ಇರಲಿ. ಇಲ್ಲವಾದರೆ ನಾಟ್ಯಸಂಗೀತದವರಿಗೆ ವಚನ ಗಾಯನದವರು ಕಣ್ಣಿಗೇ ಬೀಳುವುದಿಲ್ಲ.