ಹಳೆಯ ದೊಡ್ಡ ಡ್ಯಾಕ್ ಮಾರಿ ಹೊಸ ಸ್ಟ್ರೀಮಿಂಗ್ ಡ್ಯಾಕ್ ತಗೊಳ್ಳಬೇಕಾ?

ಮಾರಬೇಡಿ. ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಡಬ್ಬಿ; ಸ್ಟ್ರೀಮಿಂಗ್ ಡ್ಯಾಕ್ ಇಂಟರ್ನೆಟ್ಟಿನಿಂದ ಹಾಡನ್ನೂ ತಾನೇ ತರುತ್ತದೆ. ಕಡೇಪಕ್ಷ ಹಳೆಯದರ ಮುಚ್ಚಳ ಬಿಚ್ಚಿಸಿ ಬಲ್ಲವರಿಗೆ ಒಮ್ಮೆ ತೋರಿಸುವ ತನಕ ಮಾರಬೇಡಿ.

ಅಪ್ಪ 1990ರ ದಶಕದಲ್ಲಿ ತಂದ ಡ್ಯಾಕ್ ಇದೆ, ಅದಕ್ಕೆ ಯುಎಸ್‌ಬಿ ಇಲ್ಲ, ವೈಫೈ ಇಲ್ಲ, ಹೊಸದು ತಗೊಂಡರೆ ಹಿಂದೂಸ್ತಾನಿ ಗಾಯನ ಇನ್ನೂ ಚೆನ್ನಾಗಿ ಕೇಳಿಸುತ್ತಾ ಅಂತ ಕೇಳಿದ್ದೀರಿ. ನಾನು ಧಾರವಾಡದವನು. ಎರಡು ವರ್ಷ ಇದೇ ಗೊಂದಲದಲ್ಲಿದ್ದೆ. ನನ್ನದು ಸೋದರಮಾವ ಅಮೆರಿಕದಿಂದ ತಂದದ್ದು. ಒಳಗೆ ಆ ಬದಲಿಸುವ ಕೆಲಸ ಮಾಡುವ ಬರ್-ಬ್ರೌನ್ ಕಂಪನಿಯ ಪಿಸಿಎಂ63 ಚಿಪ್ ಎರಡಿವೆ, ಎಡಕ್ಕೊಂದು, ಬಲಕ್ಕೊಂದು.

ಹಳೆ ಚಿಪ್ ಕೆಲಸ ಮಾಡುವುದು ಅಂಗಡಿಯ ತೂಕದ ಕಲ್ಲುಗಳ ಹಾಗೆ. ಒಂದು ಕೆಜಿ, ಅರ್ಧ, ಕಾಲು, ಹೀಗೆ ಪ್ರತಿ ಕಲ್ಲೂ ಹಿಂದಿನದರ ಅರ್ಧ. ಬೇಕಾದಷ್ಟನ್ನು ಒಟ್ಟಿಗೆ ಇಟ್ಟು ತೂಗುತ್ತದೆ. ದೊಡ್ಡ ಕಲ್ಲಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಮೆಲುದನಿಯಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ತಪ್ಪಿಸಲೆಂದೇ ಪಿಸಿಎಂ63ರ ಒಳಗೆ ಎರಡು ತಕ್ಕಡಿ ಇವೆ, ಅಲೆಯ ಮೇಲಿನ ಅರ್ಧಕ್ಕೊಂದು, ಕೆಳಗಿನ ಅರ್ಧಕ್ಕೊಂದು. ಅಂಥ ಚಿಪ್ ಮಾಡುವುದು ದುಬಾರಿ. ಇವತ್ತಿನ ಡೆಲ್ಟಾ-ಸಿಗ್ಮಾ ಚಿಪ್ ಬೇರೆ ದಾರಿ ಹಿಡಿಯಿತು. ಕೆಲವೇ ಸಣ್ಣ ಕಲ್ಲುಗಳನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಇಟ್ಟು ತೆಗೆದು ಸರಾಸರಿಯಲ್ಲಿ ತೂಕ ಸರಿ ಮಾಡುತ್ತದೆ. ಹಾಗೆ ಮಾಡುವಾಗ ಹುಟ್ಟುವ ಗದ್ದಲವನ್ನು ಕಿವಿಗೆ ಕೇಳದಷ್ಟು ಮೇಲಿನ ಆವರ್ತನಗಳಿಗೆ ತಳ್ಳುತ್ತದೆ.

ಅಳತೆಯಲ್ಲಿ ಹೊಸದೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಇಪ್ಪತ್ತು ಸಾವಿರದೊಳಗಿನ ಒಳ್ಳೆಯ ಹೊಸ ಡ್ಯಾಕಿನಲ್ಲಿ ಕೂಡ ಅತಿ ಜೋರಿನ ಸದ್ದಿಗೂ ಹಿನ್ನೆಲೆ ಗದ್ದಲಕ್ಕೂ ಇರುವ ಅಂತರ 110 ಡೆಸಿಬೆಲ್ ದಾಟುತ್ತದೆ. ಆದರೆ 16 ಬಿಟ್ ಸಿಡಿಯಲ್ಲಿ ಆ ಅಂತರ ಇರುವುದೇ ಸುಮಾರು 96 ಡೆಸಿಬೆಲ್. ಇನ್ನು ನೀವು ಕೇಳುವ ಮನ್ಸೂರರು, ಗಂಗೂಬಾಯಿ, ರಾಜಗುರು ಅವರ ಹಳೆ ಧ್ವನಿಮುದ್ರಣಗಳಲ್ಲಿ ಟೇಪಿನ ಸದ್ದೇ ಡ್ಯಾಕಿನ ಗದ್ದಲಕ್ಕಿಂತ ಎಷ್ಟೋ ಮೇಲಿರುತ್ತದೆ. ಮನೆಯಲ್ಲಿ ಫ್ಯಾನ್ ಬೇರೆ ತಿರುಗುತ್ತಿರುತ್ತದೆ ಅಲ್ವಾ?

ನಾನು ಗೆಳೆಯನ ಹೊಸ ಸ್ಟ್ರೀಮಿಂಗ್ ಡ್ಯಾಕ್ ಒಂದು ವಾರಕ್ಕೆ ತಂದಿದ್ದೆ. ಮೊದಲ ದಿನ ಹೊಸದು ಎಷ್ಟೋ ತಿಳಿಯಾಗಿ ಕೇಳಿಸಿತು. ಆಮೇಲೆ ಗೊತ್ತಾಯಿತು, ಹೊಸದನ್ನು ಎಕ್ಸ್‌ಎಲ್‌ಆರ್ ವೈರಿನಲ್ಲಿ ಹಾಕಿದ್ದೆ, ಅದು 4 ವೋಲ್ಟ್ ಕೊಡುತ್ತಿತ್ತು. ಹಳೆಯದು ಆರ್‌ಸಿಎಯಲ್ಲಿ 2 ವೋಲ್ಟ್. ಅಂದರೆ ಹೊಸದರ ಸದ್ದೇ 6 ಡೆಸಿಬೆಲ್ ಜಾಸ್ತಿ. ಕಿವಿಗೆ ಜೋರಾದದ್ದೇ ಚೆನ್ನಾಗಿ ಕಾಣುತ್ತದೆ. 100 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಎರಡನ್ನೂ ಸಮ ಮಾಡಿದೆ. ತಂಗಿ ನನಗೆ ಹೇಳದೆ ವೈರು ಬದಲಿಸಿದಳು. ತಂಬೂರಿಯ ಜವಾರಿಯನ್ನಷ್ಟೇ, ಅಂದರೆ ತಂತಿಯ ಝೇಂಕಾರವನ್ನಷ್ಟೇ, ಗಮನವಿಟ್ಟು ಕೇಳಿದೆ, ಯಾಕೆಂದರೆ ಅದರಷ್ಟು ಸೂಕ್ಷ್ಮ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ. ಚಿಪ್ಪಿನ ವ್ಯತ್ಯಾಸ ನನಗೆ ಸಿಗಲಿಲ್ಲ. ಸಿಕ್ಕಿದ್ದು ಒಂದೇ. ಆಲಾಪದ ಮಧ್ಯದ ಮೌನದಲ್ಲಿ ಹಳೆಯದರಿಂದ ಸಣ್ಣ ಗುಂಯ್ ಸದ್ದು.

ಅದನ್ನು ಹುಬ್ಬಳ್ಳಿಯ ಒಬ್ಬ ಹಳೆ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಮುಚ್ಚಳ ತೆಗೆದು ಒಂದು ನಿಮಿಷ ನೋಡಿದರು. "ಚಿಪ್ಪಿಗೇನೂ ಆಗಿಲ್ರೀ, ಕೆಪಾಸಿಟರ್ ಒಣಗ್ಯಾವ" ಅಂದರು. ಪವರ್ ಸಪ್ಲೈನಲ್ಲಿ ವಿದ್ಯುತ್ತಿನ ಏರಿಳಿತ ಸಮ ಮಾಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ವರ್ಷ ಕಳೆದಂತೆ ಆರುತ್ತದೆ. ಎಲ್ಲವನ್ನೂ ಬದಲಿಸಿದ ಮೇಲೆ ಆ ಸದ್ದು ಹೋಯಿತು. ನಿಮ್ಮದು ಅಮೆರಿಕದ್ದಾದರೆ 120 ವೋಲ್ಟಿನದ್ದಾ ಅಂತ ಡಬ್ಬಿಯ ಹಿಂಬದಿಯಲ್ಲಿ ಬರೆದದ್ದನ್ನು ಓದಿಕೊಳ್ಳಿ. ನೇರ ನಮ್ಮ 230 ವೋಲ್ಟಿಗೆ ಹಾಕಿದರೆ ಕಥೆ ಮುಗಿಯಿತು.

ಹಳೆಯದರ ನಿಜವಾದ ಕೊರತೆ ಅದರ ಬಾಗಿಲಿನದು. ಆ ಕಾಲದ ಹೆಚ್ಚಿನವು 48 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 48 ಸಾವಿರ ಮಾದರಿಗಳ ತನಕದ ಡಿಜಿಟಲ್ ಹಾಡನ್ನು ಮಾತ್ರ ಒಳಗೆ ಬಿಡುತ್ತವೆ. ಅದಕ್ಕೆ ಪೂರ್ತಿ ಡ್ಯಾಕ್ ಬದಲಿಸಬೇಕಿಲ್ಲ. ವೈಫೈಯಿಂದ ಹಾಡು ತಂದು ಡ್ಯಾಕಿಗೆ ಕೊಡುವ, ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಡಿಜಿಟಲ್ ಔಟ್ ಇರುವ ಸಣ್ಣ ಸ್ಟ್ರೀಮರ್ ಸಾಕು. ಅದರ ಸೆಟ್ಟಿಂಗ್‌ನಲ್ಲಿ ಗರಿಷ್ಠ ಮಿತಿ 48 ಇಡಿ, ವಾಲ್ಯೂಮ್ ಪೂರ್ತಿ ಇಟ್ಟು ಆಂಪ್ಲಿಫೈಯರಿನಲ್ಲೇ ಏರಿಳಿಸಿ. ಸಿಡಿ ಗುಣಮಟ್ಟದ ಹಾಡು ಒಂದು ಬಿಟ್ಟೂ ಕೆಡದೆ ಡ್ಯಾಕಿಗೆ ತಲುಪುತ್ತದೆ.

ದುಬಾರಿ ಸ್ಟ್ರೀಮಿಂಗ್ ಡ್ಯಾಕ್ ಬಗ್ಗೆ ನನ್ನ ತಕರಾರು ಇದೇ. ಅದರಲ್ಲಿ ಬೇಗ ಹಳತಾಗುವುದು ಆ್ಯಪ್ ಮತ್ತು ವೈಫೈ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಒಳ್ಳೆಯ ಡ್ಯಾಕ್ ಕೂಡ ಸುಮ್ನೆ ಮೂಲೆ ಸೇರಬಹುದು. ಸ್ಟ್ರೀಮರ್, ಡ್ಯಾಕ್ ಎರಡೂ ಬೇರೆ ಬೇರೆ ಡಬ್ಬಿಯಲ್ಲಿದ್ದರೆ ಅಗ್ಗದ ಸ್ಟ್ರೀಮರನ್ನಷ್ಟೇ ಬದಲಿಸಿದರಾಯಿತು.

ಒಂದು ವೇಳೆ ನಿಮ್ಮದರಲ್ಲಿ ಚಿಪ್ಪೇ ಸತ್ತಿದ್ದರೆ ಮಾತು ಬೇರೆ. ಪಿಸಿಎಂ63 ಈಗ ತಯಾರಾಗುವುದಿಲ್ಲ, ಮಾರುಕಟ್ಟೆಯಲ್ಲಿ ನಕಲಿಗಳೂ ಇವೆ. ಆಗ ಹೊಸದನ್ನೇ ಧೈರ್ಯವಾಗಿ ತಗೊಳ್ಳಿ. ಮುಚ್ಚಳ ಬಿಚ್ಚಿಸಿದಾಗ ಒಳಗಿನ ಫೋಟೋ ಹಾಕಿ. ಯಾವ ಚಿಪ್ ಇದೆ, ಯಾವ ಕೆಪಾಸಿಟರ್ ಬದಲಿಸಬೇಕು ಅಂತ ನೋಡಿ ಹೇಳುತ್ತೇನೆ.