ಎಮ್ಮೆಯಲ್ಲ, ಬೈಸನ್: ಮೇಷ್ಟ್ರ ಪತ್ರಕ್ಕೆ ಒಂದು ಉತ್ತರ

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಳೆದ ಸಂಚಿಕೆಯ ಕೌಬಾಯ್ ಸಿನಿಮಾಗಳ ಲೇಖನದಲ್ಲಿ ಬಫಲೋ ಬೇಟೆಯ ಚಿತ್ರಗಳಿಗೆ ಒಂದೇ ಪ್ಯಾರಾ ಸಿಕ್ಕಿದೆ, ಅದರಲ್ಲೂ 'ಎಮ್ಮೆ ಬೇಟೆ' ಅಂತ ಬರೆದು ನಗೆಪಾಟಲಾಗಿದ್ದೀರಿ ಅನ್ನುವುದು ಅವರ ಮೊದಲ ದೂರು. ಉಳಿದದ್ದು ಅವರ ಮಾತಿನಲ್ಲೇ ಇರಲಿ: "ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ದಂಡಿನ ಟಾಕೀಸೊಂದರಲ್ಲಿ 'ದಿ ಲಾಸ್ಟ್ ಹಂಟ್' ನೋಡಿದ್ದೆ. ಪ್ರಾಣಿಗಳು ಒಂದರ ಹಿಂದೆ ಒಂದು ಕುಸಿದು ಬೀಳುವುದನ್ನು ಕಂಡು ಆ ರಾತ್ರಿ ಊಟ ಸೇರಲಿಲ್ಲ. ಮೊನ್ನೆ ಮೊಮ್ಮಗನಿಗೆ ಹೇಳಿದರೆ, 'ಅದೆಲ್ಲ ಟ್ರಿಕ್ಕು ತಾತ' ಅಂತ ನಕ್ಕ. ನಿಜ ಯಾವುದು? ಇಂಥ ಕೊಲೆಯ ಚಿತ್ರಗಳನ್ನು ಕೊಂಡಾಡುವ ಅಗತ್ಯವಾದರೂ ಏನು?"

ಮೇಷ್ಟ್ರೇ, ಮೊದಲು ಎಮ್ಮೆ ವಿಷಯ ಮುಗಿಸಿಬಿಡೋಣ. ತಪ್ಪು ನಮ್ಮದೇ. ಲೇಖಕರು 'ಬಫಲೋ' ಎಂದೇ ಬರೆದಿದ್ದರು, ತಿದ್ದಿದವನು ನಾನು. ಅಮೆರಿಕದ ಹುಲ್ಲುಗಾವಲಿನಲ್ಲಿ ಇದ್ದದ್ದು ಬೈಸನ್. ಕೊಟ್ಟಿಗೆಯ ಎಮ್ಮೆಗೂ ಅದಕ್ಕೂ ದೂರದ ನೆಂಟಸ್ತಿಕೆ ಅಷ್ಟೆ. ನಿಮ್ಮ ಕಡೆ ತೋಟಕ್ಕೆ ನುಗ್ಗುವ ಕಾಟಿ, ಅಂದರೆ ಕಾಡುಕೋಣ ಇದೆಯಲ್ಲ, ಅದು ಹತ್ತಿರದ ಬಳಗ. ಬೈಸನ್ನಿಗೂ ಹಸುವಿಗೂ ಕೂಡಿಸಿದರೆ ಕರು ಹುಟ್ಟುತ್ತದೆ, ಎಮ್ಮೆಗೂ ಬೈಸನ್ನಿಗೂ ಹುಟ್ಟುವುದಿಲ್ಲ. ಇನ್ನು ಮುಂದೆ ನಮ್ಮ ಪುಟಗಳಲ್ಲಿ ಬೈಸನ್ ಅಂತಲೇ ಇರುತ್ತದೆ.

ಈಗ ನಿಮ್ಮ ಊಟ ಕೆಡಿಸಿದ ಚಿತ್ರ. ನೀವು ಕಂಡದ್ದು ಟ್ರಿಕ್ಕಲ್ಲ. ಆ ಪ್ರಾಣಿಗಳು ನಿಜವಾಗಿಯೂ ಸತ್ತವು.

'ದಿ ಲಾಸ್ಟ್ ಹಂಟ್' ತೆರೆಗೆ ಬಂದದ್ದು 1956ರಲ್ಲಿ. ನಿರ್ದೇಶಕ ರಿಚರ್ಡ್ ಬ್ರೂಕ್ಸ್. ಚಿತ್ರೀಕರಣ ನಡೆದದ್ದು ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ. ಅಲ್ಲಿನ ಹುಲ್ಲಿಗೆ ಒಂದು ಲೆಕ್ಕ ಇದೆ. ಹಿಂಡು ಅದಕ್ಕಿಂತ ಬೆಳೆದರೆ ಹೆಚ್ಚಾದವನ್ನು ಸರ್ಕಾರದ ಗುರಿಕಾರರು ಹೊಡೆದು ಇಳಿಸುತ್ತಿದ್ದರು. ಹೇಗಿದ್ದರೂ ಸಾಯುವ ಪ್ರಾಣಿಗಳಲ್ವಾ ಅಂತ ಬ್ರೂಕ್ಸ್ ಆ ಹೊತ್ತಿಗೆ ಕ್ಯಾಮೆರಾ ಇಟ್ಟರು. ಚಿತ್ರದ ನಟ ರಾಬರ್ಟ್ ಟೇಲರ್ ಕವೆಗೋಲಿನ ಮೇಲೆ ಬಂದೂಕು ಊರಿ ಗುಂಡು ಹಾರಿಸಿದಂತೆ ಕಾಣುತ್ತದೆ. ಪ್ರಾಣಿಗೆ ತಗುಲಿದ್ದು ಸರ್ಕಾರಿ ಗುಂಡು. ಚಿತ್ರದ ಶುರುವಿನಲ್ಲೇ ಇದನ್ನು ಬರೆದು ತೋರಿಸಿದ್ದಾರೆ. ಆದರೂ ಇದು ಸರಿಯೇ ಅನ್ನುವ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ, ಒಪ್ಪುತ್ತೇನೆ. ಆ ಪಾರ್ಕಿನ ಹಿಂಡು ಶುರುವಾದದ್ದೇ 1914ರಲ್ಲಿ ಕೊಂಡು ತಂದ 36 ಪ್ರಾಣಿಗಳಿಂದ. ಉಳಿಸಿ ಬೆಳೆಸಿದ ಹಿಂಡನ್ನೇ ಹೊಡೆದು, ಹಿಂಡುಗಳು ಹೇಗೆ ಅಳಿದವು ಅಂತ ಸಿನಿಮಾ ಮಾಡಿದರು! ಈಗ ಅಲ್ಲಿ ವರ್ಷಕ್ಕೊಮ್ಮೆ ಕುದುರೆ ಸವಾರರು ಹಿಂಡನ್ನು ಅಟ್ಟಿಕೊಂಡು ಬರುತ್ತಾರೆ, ಹೆಚ್ಚಾದವನ್ನು ಹರಾಜು ಹಾಕುತ್ತಾರೆ.

ನಿಮಗೆ ಊಟ ಸೇರದೆ ಹೋದದ್ದಕ್ಕೆ ಇನ್ನೊಂದು ಕಾರಣವೂ ಇರಬೇಕು. ಆ ದೃಶ್ಯದಲ್ಲಿ ಓಟವೇ ಇಲ್ಲ. ಬೇಟೆ ಅಂದರೆ ಪ್ರಾಣಿ ಓಡಬೇಕು, ಮನುಷ್ಯ ಅಟ್ಟಬೇಕು ಅಂತ ನಮ್ಮ ಎಣಿಕೆ. ಚರ್ಮದ ಬೇಟೆಗಾರರು, ಅಂದರೆ ಚರ್ಮ ಮಾರಲೆಂದೇ ಬೈಸನ್ ಹೊಡೆಯುತ್ತಿದ್ದವರು, ಹಾಗೆ ಮಾಡುತ್ತಲೇ ಇರಲಿಲ್ಲ. ಗಾಳಿ ತನ್ನ ಕಡೆಗೆ ಬೀಸುವ ಜಾಗ ನೋಡಿ, ಇನ್ನೂರು ಮುನ್ನೂರು ಗಜ ದೂರದಲ್ಲಿ ಮಲಗುವುದು. ಹಿಂಡಿನ ಮುಂದಾಳು ಹಸು ಯಾವುದು ಅಂತ ಗುರುತಿಸುವುದು. ಅದರ ಎದೆಗೂಡಿಗೆ, ಶ್ವಾಸಕೋಶ ತೂತಾಗುವಂತೆ ಒಂದು ಗುಂಡು. ಹಾಗೆ ಹೊಡೆದರೆ ಪ್ರಾಣಿ ಓಡುವುದಿಲ್ಲ. ಮೂಗಿನಿಂದ ರಕ್ತ ಸುರಿಸುತ್ತ ನಿಂತು, ನಾಲ್ಕು ಹೆಜ್ಜೆ ತೂರಾಡಿ ಕುಸಿಯುತ್ತದೆ. ಉಳಿದವು ದಿಕ್ಕು ತೋಚದೆ ಅದರ ಸುತ್ತಲೇ ಸುಳಿಯುತ್ತವೆ, ರಕ್ತ ಮೂಸುತ್ತವೆ. ಹೊರಡಲು ಯಾವುದು ಮುಂದಾಗುತ್ತದೋ ಮುಂದಿನ ಗುಂಡು ಅದಕ್ಕೆ. ನಳಿಗೆ ಕಾದು ಕೆಂಡವಾದರೆ ನೀರು ಸುರಿಯುವುದು, ನೀರಿಲ್ಲದಿದ್ದರೆ ಮೂತ್ರ. ಆಮೇಲೆ ಸುಲಿಯುವವರ ಸರದಿ. ಹೊಟ್ಟೆ, ಕಾಲು, ಕುತ್ತಿಗೆ ಸೀಳಿ, ಚರ್ಮಕ್ಕೆ ಹಗ್ಗ ಬಿಗಿದು ಕುದುರೆಯಿಂದ ಎಳೆಸುತ್ತಿದ್ದರು. ನೆಲಕ್ಕೆ ಗೂಟ ಹೊಡೆದು ಒಣಗಿಸಿದರೆ ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಕೆಲವರು ನಾಲಗೆ ಕೊಯ್ದು ಇಟ್ಟುಕೊಳ್ಳುತ್ತಿದ್ದರು. ಮಾಂಸ ಬಹುಪಾಲು ಅಲ್ಲೇ ಕೊಳೆಯುತ್ತಿತ್ತು.

ಹಾಲಿವುಡ್ ಈ ಕಸುಬಿನಿಂದ ಯಾಕೆ ದೂರ ಉಳಿಯಿತು ಅನ್ನುವುದು ಇಲ್ಲೇ ಇದೆ ಅಂತ ನನ್ನ ಲೆಕ್ಕ. ದನ ಅಟ್ಟುವ ಕೌಬಾಯ್ ಮೇಲೆ ನೂರಾರು ಸಿನಿಮಾ ಬಂದವು. ಚರ್ಮದ ಬೇಟೆಗಾರನ ಮೇಲೆ ಬಂದದ್ದು ಬೆರಳೆಣಿಕೆಯಷ್ಟು. ಲೇಖನದಲ್ಲಿ ಒಂದೇ ಪ್ಯಾರಾ ಆಗಿದ್ದು ನಮ್ಮ ಸೋಮಾರಿತನದಿಂದ ಮಾತ್ರ ಅಲ್ಲ. ಕುದುರೆ, ಟೊಪ್ಪಿ, ಬಂದೂಕು ಎಲ್ಲ ಇಬ್ಬರಿಗೂ ಒಂದೇ. ಆದರೆ ಎರಡನೆಯವನದು ಕಾರ್ಖಾನೆ ಕೆಲಸ. 1871ರ ಸುಮಾರಿಗೆ ಬೈಸನ್ ಚರ್ಮವನ್ನು ಹದ ಮಾಡಿ ಯಂತ್ರದ ಬೆಲ್ಟು ಮಾಡುವ ದಾರಿ ಗೊತ್ತಾಯಿತು. ಹಿಟ್ಟಿನ ಗಿರಣಿಯಲ್ಲಿ ಪಟಪಟ ಓಡುತ್ತಿತ್ತಲ್ಲ, ಅಂಥ ಬೆಲ್ಟು. ಕನ್ಸಾಸಿನಲ್ಲಿ ಬೇಟೆಯಾಡುತ್ತಿದ್ದ ರೈಟ್ ಮೂವರ್ ಎಂಬ ಯುವಕ ನ್ಯೂಯಾರ್ಕಿನಲ್ಲಿದ್ದ ಅಣ್ಣನಿಗೆ 57 ಚರ್ಮ ಕಳಿಸಿದ, ಸುಮ್ನೆ ನೋಡೋಣ ಅಂತ. ಮಾರಾಟವಾದವು. ಇನ್ನೂ ಬೇಕು ಅಂದರು. ಅಷ್ಟೇ ಸಾಕಾಯಿತು.

ಕನ್ಸಾಸಿನ ಡಾಡ್ಜ್ ಸಿಟಿ ಅಂದ ಕೂಡಲೇ ನಮಗೆ ಷೆರೀಫು, ಸಲೂನು, ಧೂಳಿನ ಬೀದಿಯಲ್ಲಿ ಗುಂಡಿನ ಕಾಳಗ ಕಾಣುತ್ತದೆ ಅಲ್ವಾ? 1872ರಲ್ಲಿ ರೈಲು ಬಂದಾಗ ಅದು ಚರ್ಮದ ಮಂಡಿ. 1878ರದ್ದು ಎನ್ನುವ ಒಂದು ಫೋಟೋ ಇದೆ. ಅಲ್ಲಿನ ಚರ್ಮದ ಅಂಗಳದಲ್ಲಿ 40,000 ತೊಗಲು ಒಟ್ಟಿದ್ದಾರೆ, ಮೇಲೆ ಒಬ್ಬ ಕೂತಿದ್ದಾನೆ. ಟಿವಿಯಲ್ಲಿ ಠಾಕುಠೀಕಾಗಿ ಟೊಪ್ಪಿ ಹಾಕಿ ಬಂದ ಬ್ಯಾಟ್ ಮಾಸ್ಟರ್ಸನ್ ಕೂಡ ಷೆರೀಫ್ ಆಗುವ ಮುಂಚೆ ಬೈಸನ್ ಬೇಟೆಗೇ ಹೋಗುತ್ತಿದ್ದವನು. ಅದನ್ನು ಹೇಳುವುದಕ್ಕೆ ಸಿನಿಮಾದವರಿಗೆ ಮನಸ್ಸಿಲ್ಲ. ಮೈಗೆ ಚರ್ಬಿ, ರಕ್ತ ಮೆತ್ತಿಕೊಂಡವನ ಜತೆ ನಾಯಕಿಯನ್ನು ಹೇಗೆ ಕುಣಿಸುತ್ತಾರೆ ಹೇಳಿ!

ಸರ್ಕಾರದ ಪಾಲನ್ನಂತೂ ತೆರೆಯ ಮೇಲೆ ನಾನು ಕಂಡದ್ದು ತೀರಾ ಕಡಿಮೆ. ಬೈಸನ್ ಹೋದರೆ ಅದನ್ನೇ ನಂಬಿದ ಬುಡಕಟ್ಟುಗಳು ತಾವಾಗಿ ಗೆರೆ ಹಾಕಿ ಕೊಟ್ಟ ಜಾಗಕ್ಕೆ ಬರುತ್ತಾರೆ ಎಂಬ ಮಾತು ಆಗ ವಾಷಿಂಗ್ಟನ್ನಿನಲ್ಲಿ ರಾಜಾರೋಷವಾಗಿ ನಡೆಯುತ್ತಿತ್ತು. 1874ರಲ್ಲಿ ಬೈಸನ್ ರಕ್ಷಣೆಯ ಮಸೂದೆ ಎರಡೂ ಸದನ ದಾಟಿ ಅಧ್ಯಕ್ಷ ಗ್ರಾಂಟ್ ಮೇಜಿಗೆ ಬಂತು. ಅವರು ಸಹಿ ಹಾಕಲಿಲ್ಲ. ಸಹಿ ಬೀಳದ ಕಾಗದವನ್ನು ಯಾವ ಕ್ಯಾಮೆರಾ ತೋರಿಸುತ್ತದೆ?

ದಕ್ಷಿಣದ ಹಿಂಡು 1878ರ ಹೊತ್ತಿಗೆ ಮುಗಿಯಿತು, ಉತ್ತರದ್ದು 1883ಕ್ಕೆ. ನಿಮ್ಮ ಚಿತ್ರದ ಕಥೆ ನಡೆಯುವುದೂ 1883ರಲ್ಲೇ. ಹಿಂದೊಮ್ಮೆ ರೈಲ್ವೆ ಕೂಲಿಗಳ ಊಟಕ್ಕಾಗಿ 4,280 ಬೈಸನ್ ಹೊಡೆದೆ ಅಂತ ತಾನೇ ಲೆಕ್ಕ ಕೊಟ್ಟ ಬಫಲೋ ಬಿಲ್ ಕೋಡಿ ಅದೇ ವರ್ಷ ತನ್ನ ವೈಲ್ಡ್ ವೆಸ್ಟ್ ಆಟ ಶುರು ಮಾಡಿದ. ಟಿಕೆಟ್ ಕೊಂಡವರಿಗೆ ಅಖಾಡದಲ್ಲಿ ಬೈಸನ್ ಬೇಟೆ ತೋರಿಸುತ್ತಿದ್ದ. ಬಯಲಿನಲ್ಲಿ ಪ್ರಾಣಿ ಖಾಲಿ, ಅಖಾಡದಲ್ಲಿ ಚಪ್ಪಾಳೆ. ವೆಸ್ಟರ್ನ್ ಸಿನಿಮಾದ ಅಜ್ಜ ಇದೇ ಆಟ. ಕೋಟಿಗಟ್ಟಲೆ ಇದ್ದ ಪ್ರಾಣಿ 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಲೆಕ್ಕ ಹಾಕಿದಾಗ ಸಾಕಿದವೂ ಸೇರಿ ಸಾವಿರದ ಆಸುಪಾಸಿಗೆ ಇಳಿದಿತ್ತು.

ಕೊಂಡಾಡುವುದು ಯಾಕೆ ಅಂತ ಕೇಳಿದ್ದೀರಿ. 'ದಿ ಲಾಸ್ಟ್ ಹಂಟ್' ಕೊನೆ ನೆನಪಿದೆಯಾ ಮೇಷ್ಟ್ರೇ? ಕೊಲ್ಲುವುದರಲ್ಲೇ ಸುಖ ಕಾಣುವ ಚಾರ್ಲಿ ಗುಹೆಯ ಹೊರಗೆ ಜತೆಗಾರನಿಗಾಗಿ ಹೊಂಚು ಹಾಕಿ ಕೂತಿದ್ದಾನೆ. ಚಳಿ ಅಂತ ಹಸಿ ಬೈಸನ್ ತೊಗಲು ಹೊದ್ದಿದ್ದಾನೆ. ಬೆಳಿಗ್ಗೆ ನೋಡಿದರೆ ಅದರೊಳಗೇ ಸೆಟೆದು ಸತ್ತಿದ್ದಾನೆ, ಬಂದೂಕು ಕೈಯಲ್ಲೇ ಇದೆ. ಇದು ಬೇಟೆಯನ್ನು ಹೊಗಳುವ ಸಿನಿಮಾ ಅಲ್ಲ. ಒಳ್ಳೆಯ ನಾಯಕನಾಗಿದ್ದ ಟೇಲರ್ ಇಂಥ ಪಾತ್ರ ಮಾಡಿದ್ದು ಆಗಿನ ಪ್ರೇಕ್ಷಕರಿಗೆ ಕಹಿಯಾಗಿರಬೇಕು. ನನಗೆ ಅದರ ಪ್ರೇಮಕಥೆ ಸಪ್ಪೆ ಅನಿಸುತ್ತದೆ, ಈ ಕೊನೆಯನ್ನು ಮಾತ್ರ ಮರೆಯಲಾಗಿಲ್ಲ.

'ಬುಚರ್ಸ್ ಕ್ರಾಸಿಂಗ್' ಈಚಿನದು, 2022ರದ್ದು, ನಿಕೊಲಸ್ ಕೇಜ್ ಇದ್ದಾರೆ. ಕಣಿವೆಯೊಂದರಲ್ಲಿ ಹೊಡೆದಷ್ಟೂ ಸಾಲದು ಅಂತ ಕೂತವರು ಹಿಮಕ್ಕೆ ಸಿಕ್ಕಿಬೀಳುತ್ತಾರೆ. ವಸಂತದಲ್ಲಿ ಊರಿಗೆ ಬಂದರೆ ಚರ್ಮಕ್ಕೆ ಬೆಲೆಯೇ ಇಲ್ಲ. ಮಾರುಕಟ್ಟೆ ಬಿದ್ದದ್ದನ್ನು ಇಷ್ಟು ನೇರವಾಗಿ ಹೇಳಿದ ವೆಸ್ಟರ್ನ್ ಬೇರೆ ನಾನು ಕಂಡಿಲ್ಲ. ಅಡಿಕೆ ಬೆಳೆಯುವ ಊರಿನವರಿಗೆ ಆ ಭಾಗ ಬೇಗ ತಟ್ಟುತ್ತದೆ.

ಮೊಮ್ಮಗ ನೋಡಿರಬಹುದಾದದ್ದು 'ಡ್ಯಾನ್ಸಸ್ ವಿತ್ ವುಲ್ವ್ಸ್', 1990ರದ್ದು. ಎಲ್ಲರೂ ಹೊಗಳುವುದು ಅದರಲ್ಲಿ ಲಕೋಟಾ ಬುಡಕಟ್ಟಿನ ಜನ ಕುದುರೆ ಏರಿ ಹಿಂಡಿನೊಳಗೆ ನುಗ್ಗುವ ದೃಶ್ಯವನ್ನು. ನನಗೆ ಅದಕ್ಕೆ ಮುಂಚಿನದು ಜಾಸ್ತಿ ನಾಟಿದೆ. ಹಿಂಡಿನ ಜಾಡು ಹಿಡಿದು ದಿಬ್ಬ ಹತ್ತಿದವರಿಗೆ ಹುಲ್ಲಿನ ಮೇಲೆ ಸುಲಿದ ಮೈಗಳು ಕಾಣುತ್ತವೆ. ಯಾರೂ ಮಾತಾಡುವುದಿಲ್ಲ. ಬೇಟೆಗಾರರನ್ನು ತೋರಿಸುವುದೇ ಇಲ್ಲ, ಅವರು ಬಿಟ್ಟುಹೋದದ್ದು ಮಾತ್ರ.

ಈ ಚಿತ್ರದ ಮಟ್ಟಿಗೆ ಮೊಮ್ಮಗನೇ ಗೆದ್ದ. ಓಡುವ ಹಿಂಡು ನಿಜದ್ದು, ಸೌತ್ ಡಕೋಟಾದ ಒಂದು ದೊಡ್ಡ ರ‍್ಯಾಂಚಿನದು. ಗುಂಡು ತಗುಲಿ ಉರುಳುವವು ಯಂತ್ರದ ಬೊಂಬೆಗಳು. ಹುಡುಗನ ಮೇಲೆ ಎರಗಿ ಬರುವ ಬೈಸನ್ ಇದೆಯಲ್ಲ, ಅದು ಪಳಗಿಸಿದ ಪ್ರಾಣಿ. ಹೆಸರು ಕೋಡಿ. ಅದು ಅಷ್ಟು ಆವೇಶದಿಂದ ಓಡಿದ್ದು ಎದುರಿಗೆ ತೋರಿಸಿದ ಓರಿಯೋ ಬಿಸ್ಕತ್ತಿನ ಆಸೆಗೆ. ಅವನಿಗೆ ಇಷ್ಟು ಹೇಳಿ. ಆಮೇಲೆ 1956ರದ್ದನ್ನು ಅವನ ಜತೆ ಕೂತು ನೋಡುವುದಾದರೆ, ಊಟ ಮೊದಲೇ ಮುಗಿಸಿಕೊಳ್ಳಿ.

— ಸಂಪಾದಕ