ಬ್ರಸೆಲ್ಸ್‌ನಲ್ಲಿ ಸ್ಟ್ರಾಂಗ್ ಬಿಯರ್ ಗುರುತು ಹಿಡಿಯುವುದು ಹೇಗೆ?

ನಮಸ್ಕಾರ ಸರ್. ಆಫೀಸ್ ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೊರಟಿದ್ದೀರಿ, ನಮ್ಮಲ್ಲಿ ಸಿಗುವುದಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುವ ಬಿಯರ್ ಅಲ್ಲಿ ಯಾವುದು, ಅಂಗಡಿಯಲ್ಲಿ ಹೇಗೆ ಆರಿಸುವುದು ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಕಪ್ಪಗಿರೋದನ್ನ ತಗೊಳ್ಳಿ, ಅದೇ ಸ್ಟ್ರಾಂಗ್" ಅಂತ ಬರೆದಿದ್ದಾರೆ. ದಯವಿಟ್ಟು ಆ ಲೆಕ್ಕ ಹಿಡಿದು ಹೋಗಬೇಡಿ. ಗಿನ್ನೆಸ್ ಡ್ರಾಫ್ಟ್ ಕಡುಕಪ್ಪು, ಆದರೆ ಅದರಲ್ಲಿರುವುದು 4.2% ಅಷ್ಟೇ. ಬೆಲ್ಜಿಯಂನ ಡೂವೆಲ್ ತಿಳಿ ಹಳದಿ, ಅದರಲ್ಲಿ 8.5% ಇದೆ. ಬಣ್ಣ ಬರುವುದು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಎಷ್ಟು ಹುರಿದಿದ್ದಾರೆ ಅನ್ನುವುದರಿಂದ. ಆಲ್ಕೋಹಾಲ್ ಬರುವುದು ಮಾಲ್ಟ್ ರಸದಲ್ಲಿ ಎಷ್ಟು ಸಕ್ಕರೆ ಅಂಶ ಇತ್ತು, ಅದರಲ್ಲಿ ಎಷ್ಟನ್ನು ಈಸ್ಟ್ ತಿಂದು ಮುಗಿಸಿತು ಅನ್ನುವುದರಿಂದ. ಎರಡಕ್ಕೂ ಸಂಬಂಧ ಇಲ್ಲ.

ಹೆಸರಿನ ಜೊತೆಗಿರುವ ಅಂಕಿಯನ್ನೂ ನಂಬಬೇಡಿ. ರೋಶ್‌ಫೋರ್ ಅನ್ನುವ ಬಿಯರ್ 6, 8, 10 ಅಂತ ಮೂರು ಬರುತ್ತವೆ. ಅದು ಪರ್ಸೆಂಟ್ ಅಲ್ಲ, ಹುದುಗುವ ಮುಂಚೆ ರಸ ಎಷ್ಟು ಗಟ್ಟಿ ಇತ್ತು ಅನ್ನುವ ಹಳೇ ಅಳತೆ. ನಿಜವಾದ ಆಲ್ಕೋಹಾಲ್ 7.5, 9.2 ಮತ್ತು 11.3%. ವೆಸ್ಟ್‌ವ್ಲೆಟೆರೆನ್ 12ರಲ್ಲಿ ಇರುವುದು 10.2%. ಅಲ್ಲಿಂದ ಪ್ರಾಗ್ ಕಡೆ ಹೋದರೆ ಇನ್ನೂ ಗೊಂದಲ. ಚೆಕ್ ಬಾಟಲಿಯ ಮೇಲೆ 12° ಅಂತ ಕಂಡರೆ ಅದು ಐದು ಪರ್ಸೆಂಟ್ ಆಸುಪಾಸಿನ ಸಾಧಾರಣ ಲಾಗರ್ ಬಿಯರ್. ಹಾಗಾಗಿ ಲೇಬಲ್ ಮೇಲೆ ಸಣ್ಣಕ್ಷರದಲ್ಲಿ "vol" (ವಾಲ್ಯೂಮ್) ಅನ್ನುವುದರ ಪಕ್ಕ ಇರುವ ಪರ್ಸೆಂಟ್ ಒಂದನ್ನೇ ನೋಡಿ. ಅಲ್ಲಿ ದಶಮಾಂಶಕ್ಕೆ ಚುಕ್ಕೆ ಬದಲು ಅಲ್ಪವಿರಾಮ ಹಾಕುತ್ತಾರೆ, 8,5% ಅಂತ ಇದ್ದರೆ ಎಂಟೂವರೆ. ಈ ಪರ್ಸೆಂಟ್ ಹಾಕುವುದು ಯುರೋಪಿಯನ್ ಒಕ್ಕೂಟದಲ್ಲಿ ಕಡ್ಡಾಯ. 5.5%ಗಿಂತ ಸ್ಟ್ರಾಂಗ್ ಇರುವ ಬಿಯರ್‌ಗೆ ಒಂದು ಪರ್ಸೆಂಟ್ ಆಚೀಚೆ ಆಗಲು ಅವಕಾಶ ಇದೆ, ಅಷ್ಟೇ.

ನಮ್ಮ ದೇಶದ ನಿಯಮದಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ 5ರ ಮೇಲೆ, 8ರವರೆಗೆ. ಕಿಂಗ್‌ಫಿಶರ್ ಸ್ಟ್ರಾಂಗ್, ಹೇವರ್ಡ್ಸ್ 5000 ಎಲ್ಲ ಈ ಬೇಲಿಯೊಳಗೇ ಇರುವಂಥವು. ನಮ್ಮ ಬೇಲಿ ಮುಗಿಯುವ ಕಡೆ ಬೆಲ್ಜಿಯಂನ ಒಳ್ಳೆ ಬಿಯರ್‌ಗಳು ಶುರುವಾಗುತ್ತವೆ. ಇದಕ್ಕೆ ಒಂದು ಕಾರಣವೂ ಇದೆ. 1919ರಲ್ಲಿ ಅಲ್ಲಿ ಕೆಫೆಗಳಲ್ಲಿ ಜಿನ್‌ನಂಥ ಹಾಟ್ ಡ್ರಿಂಕ್ಸ್ ಮಾರಬಾರದು ಅಂತ ಕಾನೂನು ಬಂತು, 1980ರ ದಶಕದವರೆಗೂ ಇತ್ತು. ಕುಡಿಯುವವರಿಗೆ ಗಟ್ಟಿ ಏನಾದರೂ ಬೇಕಿತ್ತು, ಬಿಯರ್ ಮಾಡುವವರು ಕೊಟ್ಟರು.

ಅಂಗಡಿಯಲ್ಲಿ ಹುಡುಕಬೇಕಾದ ಪದಗಳು ಮೂರು. ಡಬಲ್ ಅಂದರೆ ಕಂದು ಬಣ್ಣ, ಸಾಮಾನ್ಯವಾಗಿ 6ರಿಂದ 7.5%. ಟ್ರಿಪಲ್ ಅಂದರೆ ಹೊಂಬಣ್ಣ, 8ರಿಂದ 10%. ಕ್ವಾಡ್ರುಪಲ್ ಅಂದರೆ ಮತ್ತೆ ಕಡುಬಣ್ಣ, 10%ರ ಸುತ್ತಮುತ್ತ. ನೀವು ಶುರು ಮಾಡುವುದಾದರೆ ವೆಸ್ಟ್‌ಮಾಲೆ ಟ್ರಿಪಲ್‌ನಿಂದ ಶುರು ಮಾಡಿ. 9.5% ಇದೆ ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಅಷ್ಟು ಕಡಿಮೆ ಸಿಹಿ, ಅಷ್ಟು ಹಗುರ. ಇಂಥ ಬಿಯರ್‌ಗೆ ಮಾಲ್ಟ್ ಜೊತೆ ಸಕ್ಕರೆಯನ್ನೂ ಹಾಕುತ್ತಾರೆ. ಸಕ್ಕರೆ ಅಂದ ಕೂಡಲೇ ಕಲಬೆರಕೆ ಅನ್ನುವವರು ಈ ಗುಂಪಿನಲ್ಲೂ ಇದ್ದಾರೆ, ಅದು ತಪ್ಪು ತಿಳಿವಳಿಕೆ. ಈಸ್ಟ್ ಆ ಸಕ್ಕರೆಯನ್ನು ಪೂರ್ತಿ ತಿಂದುಬಿಡುತ್ತದೆ, ಆಲ್ಕೋಹಾಲ್ ಏರುತ್ತದೆ, ಬಿಯರ್ ಮಂದ ಆಗುವುದಿಲ್ಲ. ಬರೀ ಮಾಲ್ಟ್‌ನಿಂದಲೇ ಅಷ್ಟು ಏರಿಸಿದರೆ ಬೆಲ್ಲದ ಪಾಕದ ಹಾಗೆ ಗಂಟಲಲ್ಲೇ ನಿಲ್ಲುತ್ತದೆ.

ಶಿಮೆ ಸುಲಭವಾಗಿ ಸಿಗುತ್ತದೆ: ಕೆಂಪು ಲೇಬಲ್ 7, ಬಿಳಿ 8, ನೀಲಿ 9%. ಎಲ್ಲಕ್ಕಿಂತ ನನಗೆ ಇಷ್ಟ ರೋಶ್‌ಫೋರ್ 10. ಒಣದ್ರಾಕ್ಷಿ, ಖರ್ಜೂರ, ಸ್ವಲ್ಪ ಚಾಕೊಲೇಟ್, ಆಮೇಲೆ ಎದೆಯಲ್ಲಿ ಬಿಸಿ. ತಯಾರಿಸುವ ಮಠವೇ ಮಾರುವ ವೆಸ್ಟ್‌ವ್ಲೆಟೆರೆನ್‌ಗೋಸ್ಕರ ಒಂದು ದಿನ ಸುಮ್ನೆ ಕಳೆಯಬೇಡಿ. ಸಂತ್ ಬರ್ನಾರ್ಡಸ್ ಆಬ್ಟ್ 12 ಅಂತ 10%ದು ಸಿಗುತ್ತದೆ, ಅದೇ ಜಾತಿಯ ರುಚಿ, ಯಾವ ಓಡಾಟವೂ ಇಲ್ಲ.

ಕೊಳ್ಳಲು ಡೆಲೈಜ್, ಕೊಲ್‌ರೌಟ್, ಕಾರ್ಫೂರ್ ಥರದ ಸೂಪರ್‌ಮಾರ್ಕೆಟ್ಟೇ ಸಾಕು. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಠೇವಣಿ ಹಣ ಸಿಗುತ್ತದೆ. ಒಂದೇ ಕಡೆ ತುಂಬಾ ಥರ ನೋಡಬೇಕು ಅಂದರೆ ಗ್ರಾಂಡ್ ಪ್ಲಾಸ್ ಹತ್ತಿರದ ಗಲ್ಲಿಯಲ್ಲಿ ಡೆಲಿರಿಯಂ ಕೆಫೆ ಇದೆ, 2004ರಲ್ಲಿ 2,004 ಬಿಯರ್ ಇಟ್ಟು ಗಿನ್ನೆಸ್ ದಾಖಲೆ ಮಾಡಿದ ಜಾಗ. ಅಲ್ಲಿನ ಕೆಫೆಗಳ ಮೆನುವಿನಲ್ಲಿ ಸಾಮಾನ್ಯವಾಗಿ ಹೆಸರಿನ ಪಕ್ಕವೇ ಪರ್ಸೆಂಟ್ ಹಾಕಿರುತ್ತಾರೆ.

ಇನ್ನು 30%, 60% ಬಿಯರ್ ಇದೆಯಂತೆ ಅಂತ ಕೇಳಿದ್ದೀರಿ. ಇದೆ. ಸ್ಕಾಟ್‌ಲೆಂಡ್‌ನ ಬ್ರೂಡಾಗ್ 2009ರಲ್ಲಿ 32%ದು, ಮರುವರ್ಷ 55%ದು ಮಾಡಿತು. ಬಿಯರನ್ನು ಹೆಪ್ಪುಗಟ್ಟಿಸಿ ಐಸ್ ತೆಗೆದುಬಿಟ್ಟರೆ ಆಲ್ಕೋಹಾಲ್ ಉಳಿಯುತ್ತದೆ, ಅದೇ ಉಪಾಯ. ಅದರ ಹಿಂದೆ ಹೋಗಬೇಡಿ, ಅಷ್ಟು ದುಡ್ಡಿಗೆ ಒಳ್ಳೆ ವಿಸ್ಕಿಯೇ ಬರುತ್ತದೆ. ಆ ಉಪಾಯದಲ್ಲಿ ರುಚಿಯೂ ಇರುವಂಥದ್ದು ಬೇಕಾದರೆ ಜರ್ಮನಿಯ ಅವೆಂಟಿನಸ್ ಐಸ್‌ಬಾಕ್ ನೋಡಿ, 12%.

ಕುಡಿಯುವ ಲೆಕ್ಕ ದಯವಿಟ್ಟು ಗಮನವಿಟ್ಟು ಓದಿ. ನಮ್ಮ 650 ಎಂಎಲ್ ಬಾಟಲಿ 8% ಇದ್ದರೆ ಅದರಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್, ಅಂದರೆ ವಿಸ್ಕಿಯ ಎರಡು ಲಾರ್ಜ್‌ನಲ್ಲಿ (ಲಾರ್ಜ್ ಅಂದರೆ 60 ಎಂಎಲ್, ಸ್ಮಾಲ್ ಅಂದರೆ 30) ಇರುವಷ್ಟು. 330 ಎಂಎಲ್‌ನ ರೋಶ್‌ಫೋರ್ 10ರಲ್ಲಿ 37 ಎಂಎಲ್, ಸುಮಾರು ಮೂರು ಸ್ಮಾಲ್. ಬಾಟಲಿ ಚಿಕ್ಕದು ಅಂತ ನಮ್ಮ ಬಿಯರ್ ಕುಡಿಯುವ ಸ್ಪೀಡಲ್ಲಿ ಕುಡಿದರೆ ಎರಡನೆಯದಕ್ಕೇ ಆರು ಸ್ಮಾಲ್ ಹೊಟ್ಟೆಗೆ ಹೋಗಿರುತ್ತದೆ. ಊಟ ಮಾಡಿ ಕೂತುಕೊಳ್ಳಿ. ಒಂದು ಬಾಟಲಿಗೆ ಒಂದು ಗಂಟೆ ಕೊಡಿ. ಕುಡಿದ ಮೇಲೆ ಮೆಟ್ರೋದಲ್ಲೇ ಹೋಗಿ, ಸ್ಟಿಯರಿಂಗ್ ಮುಟ್ಟಬೇಡಿ. ಐಸ್ ಕೋಲ್ಡ್ ಬೇಡ. ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಬಿಡಿ, ಆಗಲೇ ವಾಸನೆ ಬಿಚ್ಚಿಕೊಳ್ಳುವುದು. ಗ್ಲಾಸ್ ಓರೆ ಹಿಡಿದು ನಿಧಾನಕ್ಕೆ ಸುರಿಯಿರಿ. ತಳದಲ್ಲಿ ಈಸ್ಟ್ ಕೂತಿರುತ್ತದೆ, ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ.

ವಾಪಸ್ ತರುವುದಾದರೆ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ ಎರಡು ಲೀಟರ್. 330 ಎಂಎಲ್‌ದು ಆರು ಬಾಟಲಿ ಅಂದರೆ 1,980 ಎಂಎಲ್, ಸರಿಯಾಗಿ ಕೂರುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಒಂದೊಂದನ್ನೂ ಜೀನ್ಸ್ ಪ್ಯಾಂಟಿನೊಳಗೆ ಸುತ್ತಿ ಇಡಿ. ಆರಕ್ಕೆ ಆರೂ ಕಡುಬಣ್ಣದವನ್ನೇ ತನ್ನಿ. ರೋಶ್‌ಫೋರ್, ಶಿಮೆ ನೀಲಿ, ಸಂತ್ ಬರ್ನಾರ್ಡಸ್ ಇವೆಲ್ಲ ಕತ್ತಲೆ, ತಂಪು ಇರುವ ಕಡೆ ನೆಟ್ಟಗೆ ನಿಲ್ಲಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಟ್ರಿಪಲ್ ಹೊಸದಿದ್ದಾಗಲೇ ಚೆನ್ನ, ಅದನ್ನು ಅಲ್ಲೇ ಕುಡಿದು ಬನ್ನಿ.